ಲೈಂಗಿಕ ಅಪರಾಧಿಗಳಿಗೆ ಪ್ರೊಬೇಷನ್, ಚಿಕಿತ್ಸೆ: ಫಲ ಸಿಗುತ್ತಿದೆಯೇ ಎಂದು ತಿಳಿಯುವುದು ಹೇಗೆ? (ಪದೇ ಪದೇ ಕೇಳುವ ಪ್ರಶ್ನೆಗಳು)

ಈ ವಿಷಯ ಎತ್ತಿದಾಗಲೆಲ್ಲ ಕೆಲವು ಪ್ರಶ್ನೆಗಳು ಬಂದೇ ಬರುತ್ತವೆ. ಕೇಳುವವರಲ್ಲಿ ಸಿಟ್ಟಾದವರು, ಭಯಪಟ್ಟವರು, ನೊಂದವರು, ಇದೇ ಇಲಾಖೆಯಲ್ಲಿ ದುಡಿಯುವವರು ಎಲ್ಲರೂ ಇದ್ದಾರೆ. ಅವರು ಕೇಳಿದ ಮಾತಿನಲ್ಲೇ ಪ್ರಶ್ನೆಗಳನ್ನು ಇಲ್ಲಿ ಇಟ್ಟಿದ್ದೇನೆ. ಉತ್ತರಗಳೆಲ್ಲ ವಯಸ್ಕ ಅಪರಾಧಿಗಳ ಕುರಿತಾದವು. ಬಾಲಾಪರಾಧಿಗಳ ವಿಚಾರವೇ ಬೇರೆ, ಅದನ್ನು ಇದರೊಳಗೆ ಬೆರೆಸಿಲ್ಲ.

## ಮೊದಲ ಪ್ರಶ್ನೆಗಳು

ಇಂಥವರನ್ನ ಜೈಲಿಗೆ ಹಾಕೋದು ಬಿಟ್ಟು ಪ್ರೊಬೇಷನ್ ಅಂತ ಹೊರಗೆ ಯಾಕೆ ಬಿಡ್ತಾರೆ?

ಪ್ರೊಬೇಷನ್ ಎಂದರೆ ಕ್ಷಮಾದಾನ ಎಂದು ಹಲವರು ತಿಳಿದಿದ್ದಾರೆ, ಹಾಗಲ್ಲ. ಅಪರಾಧ ಸಾಬೀತಾದ ಮೇಲೆ ನ್ಯಾಯಾಲಯ ಷರತ್ತು ಹಾಕಿ, ಅಧಿಕಾರಿಯೊಬ್ಬರ ನಿಗಾದಲ್ಲಿ ಹೊರಗಿರಿಸುವ ವ್ಯವಸ್ಥೆ ಅದು. ಸಂತ್ರಸ್ತರ ಹತ್ತಿರ ಸುಳಿಯಬಾರದು, ಮಕ್ಕಳಿರುವ ಕಡೆ ಕೆಲಸಕ್ಕೆ ಸೇರಬಾರದು, ವಿಳಾಸ ಬದಲಿಸಿದರೆ ತಿಳಿಸಬೇಕು, ಚಿಕಿತ್ಸೆಗೆ ತಪ್ಪದೆ ಬರಬೇಕು. ಮುರಿದರೆ ಜೈಲು. ಗಂಭೀರ ಅಪರಾಧಗಳಿಗೆ ಬಹುತೇಕ ಕಡೆ ಈ ಅವಕಾಶವೇ ಇಲ್ಲ.

ಇನ್ನೊಂದು ಮಾತೂ ಇದೆ. ಜೈಲಿಗೆ ಹೋದವರಲ್ಲಿ ಹೆಚ್ಚಿನವರು ಒಂದಲ್ಲ ಒಂದು ದಿನ ಹೊರಗೆ ಬರುತ್ತಾರೆ. ಆ ದಿನ ಅವರನ್ನು ಯಾರು ಗಮನಿಸುತ್ತಾರೆ, ಅವರ ತಲೆಯಲ್ಲಿ ಏನು ಬದಲಾಗಿದೆ ಎಂಬ ಪ್ರಶ್ನೆಯನ್ನು ಶಿಕ್ಷೆಯ ಅವಧಿ ಮುಂದೂಡುತ್ತದೆಯೇ ಹೊರತು ಬಗೆಹರಿಸುವುದಿಲ್ಲ.

ಚಿಕಿತ್ಸೆ ಅಂದ್ರೆ ಏನು ಮಾಡ್ತಾರೆ? ಇದೇನು ಕಾಯಿಲೇನಾ?

ಎಲ್ಲರದ್ದೂ ಕಾಯಿಲೆಯಲ್ಲ. ಮಕ್ಕಳತ್ತ ಲೈಂಗಿಕ ಸೆಳೆತ ಇರುವ ಕೆಲವರಿಗೆ ಮನೋವೈದ್ಯಕೀಯವಾಗಿ ಗುರುತಿಸಬಹುದಾದ ತೊಂದರೆ ಇರುತ್ತದೆ. ಇನ್ನು ಅನೇಕರಲ್ಲಿ ಇರುವುದು ಹೆಣ್ಣನ್ನು ಕುರಿತ ಹಗೆ, ಸಿಟ್ಟನ್ನು ತಡೆಯಲಾರದ ಸ್ವಭಾವ, ಕುಡಿತ, ‘ಅವಳಿಗೂ ಇಷ್ಟವಿತ್ತು’ ಎಂದು ತನಗೆ ತಾನೇ ಹೇಳಿಕೊಳ್ಳುವ ಅಭ್ಯಾಸ. ಚಿಕಿತ್ಸೆ ಎಂದರೆ ಹೆಚ್ಚಾಗಿ ವಾರಕ್ಕೊಮ್ಮೆಯೋ ಎರಡು ಬಾರಿಯೋ ತಿಂಗಳುಗಟ್ಟಲೆ ನಡೆಯುವ ಗುಂಪು ಮಾತುಕತೆ, ಜೊತೆಗೆ ಒಬ್ಬೊಬ್ಬರೊಂದಿಗೆ ಪ್ರತ್ಯೇಕ ಕೌನ್ಸೆಲಿಂಗ್. ಅಪರಾಧ ನಡೆದ ದಿನಕ್ಕೂ ಹಿಂದೆ ಹೋಗಿ ಒಂದೊಂದೇ ನಿರ್ಧಾರವನ್ನು ಹೊರತೆಗೆಯುತ್ತಾರೆ. ಮನೆಯಲ್ಲಿ ಯಾರೂ ಇಲ್ಲದ ಹೊತ್ತನ್ನು ಆರಿಸಿಕೊಂಡದ್ದು ಯಾರು, ಮಗುವಿನ ವಿಶ್ವಾಸ ಗಳಿಸಲು ಮೊದಲ ಸಲ ಏನು ಕೊಟ್ಟೆ, ಅಂದು ಬೇರೆ ದಾರಿ ಎಲ್ಲೆಲ್ಲಿ ಇತ್ತು. ‘ಅದು ಹಾಗೇ ಆಗಿಹೋಯಿತು’ ಎಂಬ ಮಾತಿಗೆ ಅಲ್ಲಿ ಜಾಗವಿಲ್ಲ.

ಗುಣವಾಯಿತು ಎಂದು ಪ್ರಮಾಣಪತ್ರ ಕೊಡುವ ಯಾವ ಕಾರ್ಯಕ್ರಮವನ್ನೂ ನಂಬಬೇಡಿ. ಇದರ ಗುರಿ ಹಿಡಿತ ಕಲಿಸುವುದು.

ಒಮ್ಮೆ ಮಾಡಿದವನು ಮತ್ತೆ ಮಾಡೇ ಮಾಡ್ತಾನೆ ಅಲ್ವಾ?

ಅಂಕಿಅಂಶ ಹಾಗೆ ಹೇಳುವುದಿಲ್ಲ. ಕೆನಡಾದ ಸಂಶೋಧಕರಾದ ಆಂಡ್ರ್ಯೂ ಹ್ಯಾರಿಸ್ ಮತ್ತು ಕಾರ್ಲ್ ಹ್ಯಾನ್ಸನ್ 2004ರಲ್ಲಿ ಸಾವಿರಾರು ಅಪರಾಧಿಗಳ ದಾಖಲೆ ಕೂಡಿಸಿ ನೋಡಿದಾಗ, ಹೊಸ ಲೈಂಗಿಕ ಅಪರಾಧಕ್ಕೆ ಸಿಕ್ಕಿಬಿದ್ದವರು 5 ವರ್ಷದೊಳಗೆ ಶೇ. 14, 10 ವರ್ಷದೊಳಗೆ ಶೇ. 20, 15 ವರ್ಷದೊಳಗೆ ಶೇ. 24. ಇದು ಸಿಕ್ಕಿಬಿದ್ದವರ ಲೆಕ್ಕ ಮಾತ್ರ, ನಿಜ ಸಂಖ್ಯೆ ಇದಕ್ಕಿಂತ ಹೆಚ್ಚಿರುತ್ತದೆ. ಆದರೂ ‘ಎಲ್ಲರೂ’ ಎನ್ನುವುದಕ್ಕೂ ಇದಕ್ಕೂ ಬಹಳ ದೂರ.

ಶೇ. 80ರಷ್ಟು ಜನ ಮತ್ತೆ ಅಪರಾಧ ಮಾಡುತ್ತಾರೆ ಎಂಬ ಅಂಕಿ ಎಲ್ಲಿಂದ ಬಂತು ಗೊತ್ತೇ? ಅಮೆರಿಕದ ಸುಪ್ರೀಂ ಕೋರ್ಟ್ 2002ರ ಒಂದು ತೀರ್ಪಿನಲ್ಲಿ ಅದನ್ನು ಬಳಸಿತು. ಅದರ ಬೇರು ಹುಡುಕುತ್ತ ಹೋದವರಿಗೆ ಸಿಕ್ಕಿದ್ದು 1986ರ ಒಂದು ಜನಪ್ರಿಯ ಮನೋವಿಜ್ಞಾನ ಪತ್ರಿಕೆಯ ಲೇಖನದಲ್ಲಿದ್ದ ಒಂದು ಸಾಲು. ಆ ಸಾಲಿಗೆ ಆಧಾರವಾಗಿ ಯಾವ ಅಧ್ಯಯನವನ್ನೂ ಕೊಟ್ಟಿರಲಿಲ್ಲ. ಅಷ್ಟರಲ್ಲಿ ಅದು ತೀರ್ಪುಗಳ ಒಳಗೇ ಸೇರಿಹೋಗಿತ್ತು.

ಹಾಗಾದರೆ ಒಂದು ಕಾರ್ಯಕ್ರಮ ‘ಯಶಸ್ವಿ’ ಅಂತ ಹೇಳೋದು ಯಾವಾಗ?

ಹೊಸ ಸಂತ್ರಸ್ತರು ಕಡಿಮೆಯಾದಾಗ. ಉಳಿದದ್ದೆಲ್ಲ ಅದಕ್ಕೆ ಸುಳಿವು ಅಷ್ಟೆ.

ಒಂದು ಸಾಮಾನ್ಯ ಪ್ರೊಬೇಷನ್ ಫೈಲನ್ನು ತೆರೆದು ನೋಡಿ. ಪ್ರತಿ ತಿಂಗಳಿನ ಮುಂದೆ ‘ಹಾಜರು’ ಎಂದು ಟಿಕ್. ‘ವರ್ತನೆ: ತೃಪ್ತಿಕರ’. ಕೆಳಗೆ ಸಹಿ, ಮುದ್ರೆ. ಹನ್ನೆರಡು ಪುಟದಲ್ಲೂ ಅದೇ ಪದ. ಮಧ್ಯದಲ್ಲೊಂದು ಪುಟದ ಅಂಚಿನಲ್ಲಿ, ಬೇರೆ ಇಂಕಿನಲ್ಲಿ, ಚಿಕ್ಕದಾಗಿ ಬರೆದಿದೆ: ‘ಅಕ್ಕನ ಮನೆಗೆ ವಾಸ ಬದಲಿಸಿದ್ದಾನೆ.’ ಆ ಅಕ್ಕನಿಗೆ ಮಕ್ಕಳಿದ್ದಾರೆಯೇ, ಅವನ ಅಪರಾಧ ಏನೆಂದು ಅವಳಿಗೆ ಗೊತ್ತೇ, ಅಧಿಕಾರಿ ಆ ಮನೆಗೆ ಹೋಗಿ ನೋಡಿದರೇ ಎಂಬುದು ಎಲ್ಲೂ ಇಲ್ಲ. ಹಾಜರಾತಿಯನ್ನು ಅಳೆಯುವ ಮೌಲ್ಯಮಾಪಕರ ಕಣ್ಣಿಗೆ ಈ ಫೈಲು ನೂರಕ್ಕೆ ನೂರು. ನನ್ನ ಮಟ್ಟಿಗೆ ಆ ಅಂಚಿನ ಸಾಲೇ ಇಡೀ ಫೈಲಿನಲ್ಲಿ ಓದಬೇಕಾದ ಸಾಲು, ಅದರ ಹಿಂದೆ ಯಾರೂ ಹೋಗದಿದ್ದರೆ ಆ ಮೇಲ್ವಿಚಾರಣೆ ಸೋತಿದೆ.

## ಲೆಕ್ಕ ಹಾಕುವ ಬಗೆ

ನಮ್ಮಲ್ಲಿ ಚಿಕಿತ್ಸೆ ಮುಗಿಸಿದವರಲ್ಲಿ ನೂರಕ್ಕೆ 95 ಮಂದಿ ಮತ್ತೆ ಸಿಕ್ಕಿಬಿದ್ದಿಲ್ಲ. ಇಷ್ಟು ಸಾಲದೇ?

ಸಾಲದು. ಮುಗಿಸಿದವರು ಸರಿ, ಶುರುಮಾಡಿದವರು ಎಷ್ಟು?

ಅಮೆರಿಕದ ವರ್ಮಾಂಟ್ ರಾಜ್ಯದ ಜೈಲಿನ ಕಾರ್ಯಕ್ರಮವೊಂದರ ಬಗ್ಗೆ 2003ರಲ್ಲಿ ಪ್ರಕಟವಾದ ಅಧ್ಯಯನವನ್ನೇ ತೆಗೆದುಕೊಳ್ಳಿ. ಚಿಕಿತ್ಸೆಗೆ ಸೂಚಿಸಿದ 195 ಗಂಡಸರನ್ನು ಸುಮಾರು 6 ವರ್ಷ ಗಮನಿಸಿದರು. ಪೂರ್ತಿ ಮುಗಿಸಿದ 56 ಮಂದಿಯಲ್ಲಿ ಮತ್ತೆ ಲೈಂಗಿಕ ಅಪರಾಧ ಮಾಡಿ ಸಿಕ್ಕವರು ಶೇ. 5.4. ಸೇರದೇ ಉಳಿದ 90 ಮಂದಿಯಲ್ಲಿ ಶೇ. 30. ಇಷ್ಟನ್ನೇ ಹೇಳಿ ನಿಲ್ಲಿಸಿದರೆ ಪವಾಡ. ಆದರೆ ಸೇರಿ, ಮಧ್ಯದಲ್ಲಿ ಬಿಟ್ಟುಹೋದ ಅಥವಾ ಹೊರಹಾಕಲ್ಪಟ್ಟ 49 ಮಂದಿ ಇದ್ದರು. ಅವರಲ್ಲಿ ಶೇ. 30.6. ಸೇರಿದವರೆಲ್ಲರನ್ನೂ ಒಟ್ಟಿಗೆ ಹಿಡಿದು ನಾನೇ ಕೂಡಿಸಿ ಭಾಗಿಸಿದರೆ ಸುಮಾರು ಶೇ. 17 ಬರುತ್ತದೆ. ಶೇ. 30ಕ್ಕೆ ಹೋಲಿಸಿದರೆ ಈಗಲೂ ಒಳ್ಳೆಯದೇ, ಆದರೆ 5.4ರ ಕಥೆಯಲ್ಲ.

ಯಾಕೆ ಹೀಗೆ? ಹೆಚ್ಚು ಅಪಾಯವಿರುವವನೇ ಸಾಮಾನ್ಯವಾಗಿ ಮಧ್ಯದಲ್ಲಿ ಎದ್ದುಹೋಗುತ್ತಾನೆ, ಜಗಳವಾಡುತ್ತಾನೆ, ಗೈರಾಗುತ್ತಾನೆ. ಅವನನ್ನು ಲೆಕ್ಕದಿಂದ ತೆಗೆದರೆ ಉಳಿದವರು ಚಿಕಿತ್ಸೆಯಿಲ್ಲದೆಯೂ ಸುಮ್ಮನಿರುತ್ತಿದ್ದವರು ಇರಬಹುದು. ವರದಿ ಕೈಗೆ ಬಂದಾಗ ನಾನು ಮೊದಲು ಹುಡುಕುವುದು ಬಿಟ್ಟುಹೋದವರ ಸಾಲನ್ನು. ಅದಿಲ್ಲದಿದ್ದರೆ ಮುಂದಿನ ಪುಟ ತಿರುಗಿಸುವ ಅಗತ್ಯ ಕಾಣುವುದಿಲ್ಲ.

ಚೀಟಿ ಎತ್ತಿ ಅರ್ಧ ಜನರಿಗೆ ಮಾತ್ರ ಚಿಕಿತ್ಸೆ ಕೊಡೋದು ಅಪಾಯ ಅಲ್ವಾ? ಉಳಿದವರಿಂದ ಯಾರಿಗಾದರೂ ತೊಂದರೆಯಾದರೆ?

ಚಿಕಿತ್ಸೆ ಪಡೆದವರನ್ನೂ ಪಡೆಯದವರನ್ನೂ ಸರಿಯಾಗಿ ಹೋಲಿಸಲೆಂದೇ ಹೀಗೆ ಚೀಟಿ ಎತ್ತುವುದು. ನಿಮ್ಮದು ನ್ಯಾಯವಾದ ಆತಂಕ. ಆದರೆ ಅದರೊಳಗೆ ಒಂದು ಊಹೆ ಅಡಗಿದೆ: ಚಿಕಿತ್ಸೆ ಫಲಕಾರಿ ಎಂದು ಮೊದಲೇ ಒಪ್ಪಿಕೊಂಡಿದ್ದೇವೆ. ಅದೇ ಗೊತ್ತಿಲ್ಲದಿರುವಾಗ, ಎಲ್ಲರಿಗೂ ಕೊಟ್ಟು ಕೈತೊಳೆದುಕೊಳ್ಳುವುದೂ ಅಪಾಯವೇ.

ಕ್ಯಾಲಿಫೋರ್ನಿಯಾ ಇದನ್ನು ಧೈರ್ಯದಿಂದ ಮಾಡಿತು. 1985ರಿಂದ ಅಟಾಸ್ಕಡೆರೊ ಆಸ್ಪತ್ರೆಯಲ್ಲಿ, ಸ್ವಇಚ್ಛೆಯಿಂದ ಮುಂದೆ ಬಂದ ಕೈದಿಗಳನ್ನು ಯಾದೃಚ್ಛಿಕವಾಗಿ ಎರಡು ಪಾಲು ಮಾಡಿ, ಒಂದು ಪಾಲಿಗೆ ಅಂದಿನ ಅತ್ಯುತ್ತಮ ಎನಿಸಿದ ಚಿಕಿತ್ಸೆ ಕೊಟ್ಟರು. ಕೊನೆಯ ಫಲಿತಾಂಶ 2005ರಲ್ಲಿ ಹೊರಬಂತು: ಚಿಕಿತ್ಸೆ ಪಡೆದವರಲ್ಲಿ ಮರು ಲೈಂಗಿಕ ಅಪರಾಧ ಶೇ. 22, ಪಡೆಯದವರಲ್ಲಿ ಶೇ. 20. ವ್ಯತ್ಯಾಸವಿಲ್ಲ ಎಂದೇ ಅರ್ಥ. ಅದನ್ನು ನಡೆಸಿದವರೇ ಮುಚ್ಚಿಡದೆ ಪ್ರಕಟಿಸಿದರು. ಚಿಕಿತ್ಸೆಯ ಗುರಿಗಳನ್ನು ನಿಜಕ್ಕೂ ಮೈಗೂಡಿಸಿಕೊಂಡವರಲ್ಲಿ ಕೆಲವು ಗುಂಪುಗಳು ಉತ್ತಮವಾಗಿದ್ದವು ಎಂಬ ಸುಳಿವೂ ಅದರಲ್ಲಿತ್ತು. ಮುಂದಿನ ಕಾರ್ಯಕ್ರಮಗಳು ಕಲಿತದ್ದು ಇಂಥ ಪ್ರಾಮಾಣಿಕತೆಯಿಂದ.

ಚೀಟಿ ಎತ್ತಲು ಆಗದ ಕಡೆ, ಚಿಕಿತ್ಸೆಗೆ ಕಾಯುವ ಪಟ್ಟಿಯಲ್ಲಿದ್ದು ಸರದಿ ಬರುವ ಮೊದಲೇ ಬಿಡುಗಡೆಯಾದವರನ್ನು ಹೋಲಿಕೆಗೆ ಇಟ್ಟುಕೊಳ್ಳಬಹುದು. ಇಲ್ಲವೇ ವಯಸ್ಸು, ಹಿಂದಿನ ಶಿಕ್ಷೆ, ಸಂತ್ರಸ್ತರ ಜೊತೆಗಿನ ಸಂಬಂಧ, ಅಪಾಯದ ಅಂಕ (ಮತ್ತೆ ಅಪರಾಧ ಮಾಡುವ ಸಾಧ್ಯತೆಯ ಅಂದಾಜು) ಇವನ್ನೆಲ್ಲ ಸರಿಹೊಂದಿಸಿ ಜೋಡಿ ಮಾಡಬಹುದು. ಚಿಕಿತ್ಸೆ ಬೇಡವೆಂದು ನಿರಾಕರಿಸಿದವರನ್ನು ಹೋಲಿಕೆಗೆ ಇಡುವುದು ಮಾತ್ರ ದುರ್ಬಲ ವಿಧಾನ.

ಎಷ್ಟು ಜನ, ಎಷ್ಟು ವರ್ಷ ನೋಡಿದರೆ ಸಾಕು?

5 ವರ್ಷಕ್ಕೆ ಕಡಿಮೆಯಾದರೆ ಅವಸರ. ಜನರ ಸಂಖ್ಯೆ ಇನ್ನೂ ಕಠಿಣ. ಮರು ಅಪರಾಧ ಶೇ. 10ರಿಂದ ಶೇ. 7ಕ್ಕೆ ಇಳಿಯಿತು ಎಂದು ಸಾಮಾನ್ಯ ಸಂಖ್ಯಾಶಾಸ್ತ್ರದ ನಿಯಮದಂತೆ ಖಾತ್ರಿಯಾಗಿ ಹೇಳಬೇಕಾದರೆ ಪ್ರತಿ ಗುಂಪಿನಲ್ಲೂ ಸುಮಾರು 1,350 ಜನ ಬೇಕು. ವರ್ಷಕ್ಕೆ 40 ಜನ ಸೇರುವ ಒಂದು ಕೇಂದ್ರ ಒಂಟಿಯಾಗಿ ಈ ಸಂಖ್ಯೆ ಮುಟ್ಟುವಂತಿಲ್ಲ. ಹಲವು ಕೇಂದ್ರಗಳು ಒಂದೇ ನಮೂನೆಯಲ್ಲಿ ದಾಖಲಿಸಿ ಕೂಡಿಸುವುದೊಂದೇ ದಾರಿ.

ಎಷ್ಟೋ ಪ್ರಕರಣ ಪೊಲೀಸರವರೆಗೆ ಹೋಗೋದೇ ಇಲ್ಲ. ಹಾಗಿದ್ದಾಗ ದಾಖಲೆ ನಂಬಿ ಏನು ಪ್ರಯೋಜನ?

ದಾಖಲೆ ಪೂರ್ತಿ ಸತ್ಯ ಹೇಳುವುದಿಲ್ಲ, ನಿಜ. ಆದರೆ ಎರಡೂ ಗುಂಪುಗಳಲ್ಲಿ ಒಂದೇ ಪ್ರಮಾಣದಲ್ಲಿ ತಪ್ಪಿಹೋಗುತ್ತಿದ್ದರೆ ಹೋಲಿಕೆಗೆ ಬೆಲೆ ಇರುತ್ತದೆ. ತೊಂದರೆ ಶುರುವಾಗುವುದು ಒಂದು ಗುಂಪಿನ ಮೇಲೆ ಮಾತ್ರ ಬಿಗಿ ನಿಗಾ ಇದ್ದಾಗ. ವಾರಕ್ಕೆರಡು ಸಲ ಮನೆಗೆ ಹೋಗಿ, ಫೋನ್ ತಪಾಸಣೆ ಮಾಡುವ ಕಡೆ ಷರತ್ತು ಮುರಿದವರು ಹೆಚ್ಚು ಸಿಗುತ್ತಾರೆ. ಕಾಗದದ ಮೇಲೆ ಅದೇ ಕಾರ್ಯಕ್ರಮ ಸೋತಂತೆ ಕಾಣುತ್ತದೆ. ಆದ್ದರಿಂದ ಮೂರನ್ನು ಬೇರೆ ಬೇರೆ ಎಣಿಸಬೇಕು: ಹೊಸ ಲೈಂಗಿಕ ಅಪರಾಧ, ಬೇರೆ ಹೊಸ ಅಪರಾಧ, ಬರೀ ಷರತ್ತಿನ ಉಲ್ಲಂಘನೆ. ಮಗುವನ್ನು ಒಂಟಿಯಾಗಿ ಕರೆದೊಯ್ಯುತ್ತಿದ್ದವನನ್ನು ಏನೂ ಆಗುವ ಮೊದಲೇ ಹಿಡಿದು ಜೈಲಿಗೆ ಕಳಿಸಿದ್ದನ್ನು ಸೋಲಿನ ಖಾನೆಗೆ ಬರೆಯುವುದು ದೊಡ್ಡ ಅನ್ಯಾಯ.

## ಇದುವರೆಗೆ ಕಂಡದ್ದೇನು

ಸುತ್ತಿ ಬಳಸಿ ಬೇಡ. ಚಿಕಿತ್ಸೆ ಕೆಲಸ ಮಾಡುತ್ತೋ ಇಲ್ವೋ?

ಒಳ್ಳೆಯ ಚಿಕಿತ್ಸೆ ಸ್ವಲ್ಪ ಕೆಲಸ ಮಾಡುತ್ತದೆ. ಕೆಟ್ಟದ್ದು ಮಾಡುವುದಿಲ್ಲ.

ಜರ್ಮನಿಯ ಮಾರ್ಟಿನ್ ಷ್ಮುಕರ್ ಮತ್ತು ಫ್ರೀಡ್ರಿಶ್ ಲೋಸೆಲ್ 2015ರಲ್ಲಿ ಗಟ್ಟಿಯಾದ ವಿಧಾನ ಬಳಸಿದ ಅಧ್ಯಯನಗಳನ್ನಷ್ಟೇ ಆಯ್ದು ಒಟ್ಟುಗೂಡಿಸಿದರು. ಚಿಕಿತ್ಸೆ ಪಡೆದವರಲ್ಲಿ ಮರು ಲೈಂಗಿಕ ಅಪರಾಧ ಶೇ. 10.1, ಪಡೆಯದವರಲ್ಲಿ ಶೇ. 13.7. ಥೆರೆಸಾ ಗ್ಯಾನನ್ ಮತ್ತು ಸಂಗಡಿಗರ 2019ರ ವಿಶ್ಲೇಷಣೆಯಲ್ಲಿ ಇದು ಶೇ. 9.5 ಮತ್ತು ಶೇ. 14.1. ಪರಿಣತ ಮನೋವಿಜ್ಞಾನಿ ಉದ್ದಕ್ಕೂ ಕೈಜೋಡಿಸಿದ ಕಡೆ ಫಲ ಚೆನ್ನಾಗಿತ್ತು ಎಂದೂ ಅದು ತೋರಿಸಿತು. ನೂರು ಜನರಲ್ಲಿ ನಾಲ್ಕು ಜನ ಕಡಿಮೆ ಎಂದರೆ ಸಣ್ಣದೆನಿಸಬಹುದು. ಆ ನಾಲ್ವರು ಮುಟ್ಟದೆ ಬಿಟ್ಟವರ ಕಡೆಯಿಂದ ನೋಡಿದರೆ ಅದು ಸಣ್ಣದಲ್ಲ.

ಇಂಗ್ಲೆಂಡಿನಲ್ಲಿ ಚಿಕಿತ್ಸೆ ಪಡೆದವರೇ ಹೆಚ್ಚು ಅಪರಾಧ ಮಾಡಿದರಂತೆ. ನಿಜವಾ?

ನಿಜ. ಇಂಗ್ಲೆಂಡ್ ಮತ್ತು ವೇಲ್ಸ್ ಜೈಲುಗಳಲ್ಲಿ ಎರಡು ದಶಕಕ್ಕೂ ಹೆಚ್ಚು ಕಾಲ ನಡೆದ ಮುಖ್ಯ ಗುಂಪು ಕಾರ್ಯಕ್ರಮದ ಮೌಲ್ಯಮಾಪನ 2017ರಲ್ಲಿ ಪ್ರಕಟವಾಯಿತು. ಚಿಕಿತ್ಸೆ ಪಡೆದ 2,562 ಮಂದಿಯನ್ನು ಪಡೆಯದ 13,219 ಮಂದಿಯ ಜೊತೆ ಹೋಲಿಸಿದರು. ಸರಾಸರಿ 8.2 ವರ್ಷಗಳಲ್ಲಿ ಮರು ಲೈಂಗಿಕ ಅಪರಾಧ ಪಡೆದವರಲ್ಲಿ ಶೇ. 10, ಪಡೆಯದವರಲ್ಲಿ ಶೇ. 8. ಕಾರ್ಯಕ್ರಮವನ್ನು ನಿಲ್ಲಿಸಿ, ಹೊಸದಾಗಿ ರೂಪಿಸಿದ ಬೇರೆ ಕಾರ್ಯಕ್ರಮಗಳನ್ನು ತಂದರು.

ಗುಂಪಿನಲ್ಲಿ ಅಪರಾಧದ ವಿವರಗಳನ್ನೇ ಮತ್ತೆ ಮತ್ತೆ ಹೇಳಿಕೊಂಡದ್ದರಿಂದ ಅದು ಸಹಜವೆನಿಸತೊಡಗಿತೇ ಎಂಬುದು ಕೊಟ್ಟ ವಿವರಣೆಗಳಲ್ಲಿ ಒಂದು. ದಾಖಲೆಯಲ್ಲಿಲ್ಲದ ಅಂಶಗಳಿಂದ ಎರಡು ಗುಂಪು ಸರಿಸಮವಾಗಿರಲಿಲ್ಲ ಎಂಬ ವಾದವೂ ಇದೆ. ಇದರಿಂದ ‘ಚಿಕಿತ್ಸೆಯೇ ವ್ಯರ್ಥ’ ಎಂದು ನಾನು ಹೇಳಲಾರೆ. ಆದರೆ ಸದುದ್ದೇಶದ, ಸಾವಿರಾರು ಜನ ಹಾದುಹೋದ ಒಂದು ವ್ಯವಸ್ಥೆ ಅಷ್ಟು ಕಾಲ ಇಂಥ ಪರೀಕ್ಷೆಯಿಲ್ಲದೆ ನಡೆದುಬಂತಲ್ಲ ಎಂಬುದು ನನ್ನನ್ನು ಕಾಡುತ್ತದೆ.

ತಪ್ಪನ್ನೇ ಒಪ್ಪಿಕೊಳ್ಳದವನಿಗೆ ಚಿಕಿತ್ಸೆ ಕೊಟ್ಟು ಏನು ಬಂತು?

ಎಲ್ಲರ ಅನುಭವಕ್ಕೂ ಎದುರಾಗಿ ನಿಲ್ಲುವ ಸಂಗತಿ ಇದು. ಹ್ಯಾನ್ಸನ್ ಮತ್ತು ಕೆಲ್ಲಿ ಮಾರ್ಟನ್-ಬೋರ್ಗಾನ್ 2005ರಲ್ಲಿ 82 ಅಧ್ಯಯನಗಳನ್ನು ಒಟ್ಟುಗೂಡಿಸಿದಾಗ, ತಪ್ಪೊಪ್ಪಿಕೊಳ್ಳದಿರುವುದಕ್ಕೂ ಮುಂದೆ ಲೈಂಗಿಕ ಅಪರಾಧ ಮಾಡುವುದಕ್ಕೂ ಹೇಳಿಕೊಳ್ಳುವಂಥ ನಂಟು ಕಾಣಲಿಲ್ಲ. ಸಂತ್ರಸ್ತರ ಬಗ್ಗೆ ಮರುಕ ತೋರುವುದಕ್ಕೂ ಅಷ್ಟೆ. ನಂಟಿದ್ದದ್ದು ವಿಕೃತ ಲೈಂಗಿಕ ಸೆಳೆತಕ್ಕೆ, ಸಮಾಜದ ಕಟ್ಟುಪಾಡು ಲೆಕ್ಕಿಸದ ಬದುಕಿಗೆ. ಆದ್ದರಿಂದ ಕಣ್ಣೀರು ಹಾಕಿದವನನ್ನು ‘ಸುಧಾರಿಸಿದ’ ಎಂದು ಬರೆದುಕೊಳ್ಳುವುದೂ, ನಿರಾಕರಿಸುವವನನ್ನು ಮೊದಲ ದಿನವೇ ಹೊರಗಟ್ಟುವುದೂ ಎರಡೂ ತಪ್ಪು. ಸಂತ್ರಸ್ತರಿಗೆ ಆ ಒಪ್ಪಿಗೆ ಬೇಕಿರುತ್ತದೆ, ನ್ಯಾಯದ ದೃಷ್ಟಿಯಿಂದ ಅದು ಮುಖ್ಯವೇ. ಅಪಾಯ ಅಳೆಯಲು ಮಾತ್ರ ಅದು ಒಳ್ಳೆಯ ಅಳತೆಗೋಲಲ್ಲ.

ಶಾಲೆಯ ಹತ್ತಿರ ವಾಸ ಮಾಡಬಾರದು ಅಂತ ಕಾನೂನು ಮಾಡಿದರೆ ಸಾಲದೇ?

ಅಮೆರಿಕದ ಮಿನ್ನೆಸೋಟ ರಾಜ್ಯ ಮತ್ತೆ ಅಪರಾಧ ಮಾಡಿದ 224 ಪ್ರಕರಣಗಳನ್ನು ಒಂದೊಂದಾಗಿ ತೆಗೆದು, ವಾಸದ ನಿರ್ಬಂಧ ಇದ್ದಿದ್ದರೆ ಇದು ತಪ್ಪುತ್ತಿತ್ತೇ ಎಂದು 2007ರಲ್ಲಿ ನೋಡಿತು. ಒಂದೂ ತಪ್ಪುತ್ತಿರಲಿಲ್ಲ. ಸಂತ್ರಸ್ತರಲ್ಲಿ ಹೆಚ್ಚಿನವರು ಪರಿಚಯದವರು, ನೆಂಟಸ್ತಿಕೆ ಅಥವಾ ಸ್ನೇಹದ ಮೂಲಕ ಅವನ ಕೈಗೆ ಸಿಕ್ಕವರು. ಇತ್ತ ಇಂಥ ಕಾನೂನಿನಿಂದ ಮನೆ ಸಿಗದೆ ಅಲೆಯುವವನು ಅಧಿಕಾರಿಯ ಕಣ್ಣಿಂದಲೂ ಮರೆಯಾಗುತ್ತಾನೆ.

ಪಾಲಿಗ್ರಾಫ್ (ಸುಳ್ಳು ಪತ್ತೆ) ಪರೀಕ್ಷೆ?

ಅಧಿಕಾರಿ, ಥೆರಪಿಸ್ಟ್, ಪಾಲಿಗ್ರಾಫ್ ಪರೀಕ್ಷಕ ಮೂವರೂ ಸೇರಿ ಸುತ್ತುವರಿಯುವ ಪದ್ಧತಿ 1990ರ ದಶಕದಲ್ಲಿ ಕೊಲರಾಡೊದಿಂದ ಹೆಸರಾಯಿತು. ಪರೀಕ್ಷೆಯ ಭಯಕ್ಕೆ ಅಪರಾಧಿಗಳು ಹೆಚ್ಚು ಸಂಗತಿ ಬಾಯಿಬಿಡುತ್ತಾರೆ, ಅದು ನಿಜವಾದ ಉಪಯೋಗ. ಯಂತ್ರ ಸುಳ್ಳನ್ನು ನಿಖರವಾಗಿ ಹಿಡಿಯುತ್ತದೆ ಎಂದು ನಂಬುವುದು ಬೇರೆ ಮಾತು, ‘ಪಾಸಾದ’ ಎಂದು ನಿಗಾ ಸಡಿಲಿಸುವುದು ಅಪಾಯ.

ಚುಚ್ಚುಮದ್ದು ಕೊಟ್ಟು ಆಸೆಯನ್ನೇ ಇಲ್ಲವಾಗಿಸಿದರೆ ಮುಗೀತಲ್ಲ?

ಕೆಲವರಿಗೆ ಉಪಯೋಗ, ಎಲ್ಲರಿಗಲ್ಲ. ಟೆಸ್ಟೋಸ್ಟೆರಾನ್ ತಗ್ಗಿಸುವ ಔಷಧಿಗಳು ಕಾಮದ ಒತ್ತಡ ತಾಳಲಾರದವರಿಗೆ ನೆರವಾಗಬಲ್ಲವು. ಸ್ವೀಡನ್ನಿನಲ್ಲಿ ಮಕ್ಕಳತ್ತ ಸೆಳೆತವಿದ್ದು ತಾವಾಗಿ ಸಹಾಯ ಕೇಳಿ ಬಂದ 52 ಗಂಡಸರ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಡೆಗರೆಲಿಕ್ಸ್ ಎಂಬ ಇಂಥದೇ ಔಷಧಿ ಪಡೆದವರ ಅಪಾಯದ ಅಂಕ ಎರಡೇ ವಾರದಲ್ಲಿ ಇಳಿಯಿತು. ಆದರೆ ಇಳಿದದ್ದು ಅಂಕ. ಅಪರಾಧವನ್ನು ಅಲ್ಲಿ ಎಣಿಸಿರಲಿಲ್ಲ. ಮೂಳೆ ಸವೆತದಂಥ ಅಡ್ಡಪರಿಣಾಮಗಳಿವೆ, ಔಷಧಿ ನಿಂತರೆ ಒತ್ತಡ ಮರಳುತ್ತದೆ. ಹಗೆಯಿಂದ, ಅಧಿಕಾರದ ಅಮಲಿನಿಂದ ಅತ್ಯಾಚಾರ ಮಾಡುವವನಿಗೆ ಹಾರ್ಮೋನು ತಗ್ಗಿಸಿದರೆ ಹಗೆ ತಗ್ಗುವುದಿಲ್ಲ.

## ಈ ಕೆಲಸದ ಒಳಗಿರುವವರು ಕೇಳುವ ಪ್ರಶ್ನೆಗಳು

ನಾನು ಪ್ರೊಬೇಷನ್ ಅಧಿಕಾರಿ. ಎಲ್ಲರ ಮೇಲೂ ಸಮಾನ ನಿಗಾ ಇಡುವುದೇ ನ್ಯಾಯ ಅಲ್ಲವೇ?

ಸಮಾನವಾಗಿ ಹಂಚಿದರೆ ಎಲ್ಲರಿಗೂ ಅರೆಬರೆ ಸಿಗುತ್ತದೆ. ಕೆನಡಾದ ಡಾನ್ ಆಂಡ್ರ್ಯೂಸ್, ಜೇಮ್ಸ್ ಬೊಂಟಾ ಮತ್ತು ರಾಬರ್ಟ್ ಹೋಜ್ 1990ರಲ್ಲಿ ಮುಂದಿಟ್ಟ ತತ್ವ ಇಲ್ಲಿಗೂ ಹೊಂದುತ್ತದೆ: ಹೆಚ್ಚು ಅಪಾಯದವನಿಗೆ ಹೆಚ್ಚು ಗಮನ, ಅಪರಾಧಕ್ಕೆ ತಳ್ಳುವ ಕಾರಣಗಳ ಮೇಲೇ ಕೆಲಸ, ಅವನಿಗೆ ಅರ್ಥವಾಗುವ ರೀತಿಯಲ್ಲಿ ಹೇಳಿಕೊಡುವುದು. ಹ್ಯಾನ್ಸನ್ ತಂಡ 2009ರಲ್ಲಿ 23 ಅಧ್ಯಯನ ಪರಿಶೀಲಿಸಿದಾಗ ಈ ಮೂರನ್ನೂ ಪಾಲಿಸಿದ ಕಾರ್ಯಕ್ರಮಗಳ ಫಲವೇ ಎಲ್ಲಕ್ಕಿಂತ ಹೆಚ್ಚಿತ್ತು.

ಅಪಾಯ ಅಳೆಯಲು 10 ಅಂಶಗಳ ಸ್ಟ್ಯಾಟಿಕ್-99 ಬಹಳ ಕಡೆ ಬಳಕೆಯಲ್ಲಿದೆ. ಸಂತ್ರಸ್ತರು ಅಪರಿಚಿತರೇ, ಹಿಂದೆ ಎಷ್ಟು ಸಲ ಶಿಕ್ಷೆಯಾಗಿದೆ, ಈಗಿನ ವಯಸ್ಸೆಷ್ಟು, ಇಂಥವು. ನಾಣ್ಯ ಚಿಮ್ಮುವುದಕ್ಕಿಂತ ಅದು ಸ್ಪಷ್ಟವಾಗಿ ಮೇಲು, ಭವಿಷ್ಯ ನುಡಿಯುವಷ್ಟು ಅಲ್ಲ. ಅದರಲ್ಲಿರುವುದೆಲ್ಲ ಬಹುಪಾಲು ಹಳೆಯ ಚರಿತ್ರೆ. ಕಳೆದ ವಾರ ಕೆಲಸ ಹೋಗಿದೆ, ಮತ್ತೆ ಕುಡಿಯತೊಡಗಿದ್ದಾನೆ, ಪಕ್ಕದ ಮನೆಯ ಮಗುವಿಗೆ ಚಾಕಲೇಟು ತಂದುಕೊಡುತ್ತಿದ್ದಾನೆ ಎಂಬುದು ಆ ಅಂಕದಲ್ಲಿ ಕಾಣುವುದಿಲ್ಲ. ಅದನ್ನು ನೋಡಬೇಕಾದವರು ನೀವೇ.

ಥೆರಪಿಯಲ್ಲಿ ಹೇಳಿದ್ದನ್ನೆಲ್ಲ ಅಧಿಕಾರಿಗೆ ತಿಳಿಸಿದರೆ ಅವನು ಬಾಯಿ ಬಿಡ್ತಾನಾ?

ಗೌಪ್ಯತೆಯ ಗಡಿ ಎಲ್ಲಿ ಎಂಬುದನ್ನು ಮೊದಲ ದಿನವೇ ಬರಹದಲ್ಲಿ ಕೊಟ್ಟು ಸಹಿ ಮಾಡಿಸಿದರೆ ಈ ತೊಡಕಿನ ಅರ್ಧ ಭಾಗ ಹೋಗುತ್ತದೆ. ಹಾಜರಾತಿ, ಪ್ರಗತಿ, ಯಾರಿಗಾದರೂ ಎದುರಾಗಿರುವ ಅಪಾಯ, ಇವನ್ನು ಹಂಚಲೇಬೇಕು. ಬಾಲ್ಯದ ನೋವು, ದಾಂಪತ್ಯದ ಜಗಳ ಫೈಲಿಗೆ ಹೋಗಬೇಕಿಲ್ಲ. ಥೆರಪಿಸ್ಟ್ ಮತ್ತು ಅಧಿಕಾರಿ ತಿಂಗಳಿಗೊಮ್ಮೆಯಾದರೂ ಎದುರುಬದುರು ಕೂತು ಮಾತಾಡುತ್ತಾರೆಯೇ ಎಂದು ಮೌಲ್ಯಮಾಪಕರು ತಪ್ಪದೆ ಕೇಳಬೇಕು. ಒಬ್ಬರಿಗೆ ಹೇಳಿದ ಸುಳ್ಳನ್ನು ಇನ್ನೊಬ್ಬರು ಹಿಡಿಯುವುದು ಅಲ್ಲಿಯೇ.

ಯಾರೂ ಹತ್ತಿರ ಸೇರಿಸದಿದ್ದರೆ ಅವನು ಇನ್ನಷ್ಟು ಕೆಡೋದಿಲ್ವಾ?

ಒಂಟಿತನ ಅಪಾಯವನ್ನು ಹೆಚ್ಚಿಸುತ್ತದೆ. 1994ರಲ್ಲಿ ಕೆನಡಾದ ಹ್ಯಾಮಿಲ್ಟನ್‌ನಲ್ಲಿ ಮೆನ್ನೊನೈಟ್ ಪಂಥದ ಪಾದ್ರಿಯೊಬ್ಬರು ಬಿಡುಗಡೆಯಾದ ಒಬ್ಬ ಅಪರಾಧಿಯ ಸುತ್ತ ಸ್ವಯಂಸೇವಕರ ಪುಟ್ಟ ಬಳಗ ಕಟ್ಟಿದರು. ಬೆಂಬಲವೂ ಅವರದೇ, ಪ್ರಶ್ನೆ ಕೇಳುವವರೂ ಅವರೇ. ಅದೇ ಮಾದರಿಯನ್ನು ಮಿನ್ನೆಸೋಟದಲ್ಲಿ ಯಾದೃಚ್ಛಿಕ ಪ್ರಯೋಗಕ್ಕೆ ಒಡ್ಡಿದಾಗ, ಹೊಸ ಲೈಂಗಿಕ ಅಪರಾಧಕ್ಕೆ ಬಂಧನವಾಗುವ ಸಾಧ್ಯತೆ ಶೇ. 88ರಷ್ಟು ಇಳಿಯಿತು ಎಂದು 2018ರಲ್ಲಿ ವರದಿಯಾಯಿತು. ಗುಂಪು ಚಿಕ್ಕದು, ಆ ಶೇ. 88ನ್ನು ಎಲ್ಲ ಕಡೆಗೂ ಹಚ್ಚಬಾರದು. ದಿಕ್ಕು ಮಾತ್ರ ಭರವಸೆಯದು.

ಜೀವನಪೂರ್ತಿ ನಿಗಾ ಇಡಬೇಕಾ?

ಕೆಲವರಿಗೆ ಬೇಕಾಗಬಹುದು, ಎಲ್ಲರಿಗೂ ಅಲ್ಲ. ಹ್ಯಾನ್ಸನ್ ತಂಡದ 2014ರ ಅಧ್ಯಯನದಲ್ಲಿ ಹೆಚ್ಚು ಅಪಾಯದ ಗುಂಪಿನವರ ಮರು ಅಪರಾಧ ಬಿಡುಗಡೆಯಿಂದ ಮೊದಲ 5 ವರ್ಷಕ್ಕೆ ಶೇ. 22 ಇತ್ತು. ಸಮಾಜದಲ್ಲಿ 10 ವರ್ಷ ತಪ್ಪಿಲ್ಲದೆ ಬದುಕಿದವರಲ್ಲಿ ಅದು ಶೇ. 4.2ಕ್ಕೆ ಇಳಿದಿತ್ತು. ಅಧಿಕಾರಿಗಳು ಎಲ್ಲೂ ಸಾಕಷ್ಟಿಲ್ಲ. ಹತ್ತು ವರ್ಷದಿಂದ ಸರಿಯಾಗಿರುವವನ ಮನೆ ಬಾಗಿಲಿಗೆ ಹೋಗುವ ಗಂಟೆಯನ್ನು ಮೊನ್ನೆ ಬಿಡುಗಡೆಯಾದವನಿಗೆ ಕೊಡುವುದು ಮೇಲು.

ನಾನು ಸಂತ್ರಸ್ತೆ. ನಿಮ್ಮ ಈ ಲೆಕ್ಕದಲ್ಲಿ ನಾನೆಲ್ಲಿದ್ದೀನಿ?

ಹೆಚ್ಚಿನ ವರದಿಗಳಲ್ಲಿ ನೀವಿಲ್ಲ, ಅದು ತಪ್ಪು. ಅವನ ವಾಸ, ಬಿಡುಗಡೆ, ಷರತ್ತು ಬದಲಾದಾಗ ನಿಮಗೆ ತಿಳಿಸಿದರೇ, ತಿಳಿಸುವ ಮೊದಲು ನಿಮಗದು ಬೇಕೇ ಎಂದು ಕೇಳಿದರೇ, ಅವನು ಮೂರನೆಯವರ ಮೂಲಕ ಸಂದೇಶ ಕಳಿಸಿದಾಗ ನೀವು ಫೋನ್ ಮಾಡಬಹುದಾದ ಒಬ್ಬ ಹೆಸರಿರುವ ಅಧಿಕಾರಿ ಇದ್ದರೇ ಎಂಬುದನ್ನೆಲ್ಲ ಅಳೆಯಬಹುದು, ಅಳೆಯಬೇಕು. ಅವನ ಜೊತೆ ಈಗ ಬದುಕುತ್ತಿರುವ ಹೆಂಡತಿ ಮಕ್ಕಳನ್ನೂ ಪ್ರತ್ಯೇಕವಾಗಿ, ಅವನಿಲ್ಲದ ಕಡೆ ಮಾತಾಡಿಸಬೇಕು. ನಿಮ್ಮ ನೆಮ್ಮದಿಯನ್ನು ಅವನ ಅಂಕದೊಳಗೆ ಸೇರಿಸಿ ಕರಗಿಸಬಾರದು. ಅದಕ್ಕೆ ಬೇರೆಯದೇ ಪುಟ ಬೇಕು. ಮಾತಾಡುವುದು ಬೇಡವೆನಿಸಿದರೆ, ಕಾರಣ ಕೊಡದೆ ಬೇಡವೆನ್ನುವ ಹಕ್ಕು ನಿಮಗಿದೆ.

ನಮ್ಮದು ಸಣ್ಣ ಕೇಂದ್ರ, ದುಡ್ಡಿಲ್ಲ, ಸಂಶೋಧಕರಿಲ್ಲ. ಎಲ್ಲಿಂದ ಶುರುಮಾಡೋದು?

ಸೂಚಿಸಿದ ದಿನದಿಂದಲೇ ಪ್ರತಿಯೊಬ್ಬನಿಗೂ ಒಂದು ಸಾಲು ಬರೆಯಿರಿ, ಸೇರದವನಿಗೂ ಸಹ. ಅದರಲ್ಲಿ ಅಪಾಯದ ಅಂಕ, ಸೇರಿದ ದಿನ, ಬಂದ ಮತ್ತು ತಪ್ಪಿಸಿದ ಸಭೆಗಳು ಇರಲಿ. ಬಿಟ್ಟಿದ್ದರೆ ಯಾವಾಗ, ಯಾಕೆ, ಅವನೇ ಬಿಟ್ಟನೋ ನೀವು ಕಳಿಸಿದಿರೋ ಎಂಬುದನ್ನೂ ಬರೆಯಿರಿ. ‘ತೃಪ್ತಿಕರ’ ಎಂಬ ಪದವನ್ನು ನಮೂನೆಯಿಂದಲೇ ತೆಗೆದುಹಾಕಿ, ಆ ಜಾಗದಲ್ಲಿ ‘ಈ ತಿಂಗಳು ಏನು ಬದಲಾಯಿತು’ ಎಂದು ಕೇಳಿ. ಹೆಸರಿನ ಬದಲು ಸಂಕೇತ ಬಳಸಿ, ಹೆಸರಿನ ಪಟ್ಟಿಯನ್ನು ಬೇರೆ ಬೀಗದಲ್ಲಿಡಿ. ವರ್ಷಕ್ಕೊಮ್ಮೆ ಪೊಲೀಸ್ ಮತ್ತು ನ್ಯಾಯಾಲಯದ ದಾಖಲೆ ನೋಡಲು ಅನುಮತಿಯನ್ನು ಈಗಲೇ ಲಿಖಿತವಾಗಿ ಪಡೆದುಕೊಳ್ಳಿ, ಐದು ವರ್ಷದ ನಂತರ ಕೇಳಿದರೆ ಸಿಗುವುದು ಕಷ್ಟ. ಇಷ್ಟಕ್ಕೆ ಬೇಕಾದದ್ದು ಒಂದು ಎಕ್ಸೆಲ್ ಹಾಳೆ, ಅದನ್ನು ಪ್ರತಿ ವಾರ ತುಂಬುವ ಒಬ್ಬ ಮನುಷ್ಯ.